‘ಮಗನ ಮೂಲಕ’ವೋ, ‘ಮಗನೊಂದಿಗೆ’ಯೋ: ತ್ರಿಯೇಕ ದೇವರ ನಂಬಿಕೆ ನಡೆದು ಬಂದ ದಾರಿ

ಕ್ರಿ.ಶ. 380ರ ದಶಕದ, ಇಂದು ಇಸ್ತಾಂಬುಲ್ ಎನಿಸಿರುವ ಕಾನ್‌ಸ್ಟಾಂಟಿನೋಪಲ್ ಪೇಟೆ. ರೊಟ್ಟಿಗೆಷ್ಟಪ್ಪಾ ಎಂದು ಕೇಳಿದರೆ ಅಂಗಡಿಯವನು ‘ತಂದೆ ದೊಡ್ಡವನು, ಮಗ ಅವನಿಗಿಂತ ಕಡಿಮೆ’ ಎನ್ನುತ್ತಾನೆ. ಚಿಲ್ಲರೆ ಕೊಡು ಎಂದರೆ, ಹುಟ್ಟಿದವನು ಯಾರು, ಹುಟ್ಟಿಲ್ಲದವನು ಯಾರು ಎಂದು ಚರ್ಚೆಗಿಳಿಯುತ್ತಾನೆ. ಸ್ನಾನಗೃಹದಲ್ಲಿ ನೀರು ಕಾದಿದೆಯೇ ಎಂದು ವಿಚಾರಿಸಿದರೆ ‘ಮಗನು ಶೂನ್ಯದಿಂದ ಉಂಟಾದವನು’ ಎಂಬ ಉತ್ತರ ಬರುತ್ತದೆ. ನಿಸ್ಸಾ ಎಂಬ ಊರಿನ ಬಿಷಪ್ ಗ್ರೆಗೊರಿ ಒಂದು ಪ್ರವಚನದಲ್ಲಿ ಬೇಸತ್ತು ಹೇಳಿದ ಮಾತಿದು. ಆತನಿಗೆ ಅದು ತಲೆನೋವು. ಓದುವ ನನಗೆ ಮಾತ್ರ ಪ್ರತಿಸಲವೂ ಬೆರಗು. ಯೇಸು ಯಾರು ಎಂಬ ಪ್ರಶ್ನೆ ರೊಟ್ಟಿ ಸುಡುವವನ ಬಾಯಲ್ಲೂ ಆಡುತ್ತಿದ್ದ ಕಾಲ ಅದು.

ತಂದೆ, ಮಗನಾದ ಯೇಸು, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಎಂಬುದು ಕ್ರೈಸ್ತರ ತ್ರಿಯೇಕ ದೇವರ ನಂಬಿಕೆ, ಅದಕ್ಕೇ ತ್ರಿತ್ವ ಎಂದೂ ಹೆಸರು. ತ್ರಿಯೇಕ ದೇವರು ಎಂದೊಡನೆ ನಮ್ಮಲ್ಲಿ ಹಲವರು ಅದನ್ನೊಂದು ಲೆಕ್ಕದ ಒಗಟೆಂದು ಭಾವಿಸುತ್ತಾರೆ. ಒಂದು ಹೇಗೆ ಮೂರಾದೀತು, ಮೂರು ಹೇಗೆ ಒಂದಾದೀತು? ಇನ್ನು ಕೆಲವರು 325ರಲ್ಲಿ ಒಂದಿಷ್ಟು ಬಿಷಪ್ಪರು ಕೋಣೆಯಲ್ಲಿ ಕೂತು ಕಟ್ಟಿದ ಸಿದ್ಧಾಂತ ಎನ್ನುತ್ತಾರೆ. ಎರಡೂ ಸರಿಯಲ್ಲ. ಈ ಜಗಳದ ಬೇರು ಲೆಕ್ಕದಲ್ಲಿಲ್ಲ, ಪ್ರಾರ್ಥನೆಯಲ್ಲಿದೆ. ಜನ ಯೇಸುವಿನ ಹೆಸರು ಹಿಡಿದು ಹಾಡುತ್ತಿದ್ದರು, ಮೊರೆಯಿಡುತ್ತಿದ್ದರು. ಹಾಗಾದರೆ ನಾವು ಪೂಜಿಸುತ್ತಿರುವುದು ಯಾರನ್ನು ಎಂಬ ಪ್ರಶ್ನೆ ಆಮೇಲೆ ಎದ್ದಿತು.

ಇದಕ್ಕೆ ಹೊರಗಿನವನೊಬ್ಬನ ಸಾಕ್ಷ್ಯವಿದೆ. 112ರ ಸುಮಾರಿಗೆ ಇಂದಿನ ಟರ್ಕಿಯ ಬಿಥಿನಿಯಾ ಪ್ರಾಂತ್ಯದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ನಿಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ನಿಗದಿತ ದಿನ ಬೆಳಕು ಹರಿಯುವ ಮುನ್ನ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಭಾವಿಸಿ ಹಾಡುತ್ತಾರೆ ಎಂದು ವರದಿ ಒಪ್ಪಿಸಿದ. ಆಗ ಅವರ ಬಳಿ ‘ತ್ರಿತ್ವ’ ಎಂಬ ಪದವೇ ಇರಲಿಲ್ಲ. ಗ್ರೀಕಿನಲ್ಲಿ ಅದಕ್ಕೆ ಹತ್ತಿರದ ಪದವನ್ನು ಅಂತಿಯೋಕ್ಯದ ಥಿಯೋಫಿಲಸ್ ಬಳಸಿದ್ದು 180ರ ಹೊತ್ತಿಗೆ. ಲ್ಯಾಟಿನ್ನಿನ ಪದವನ್ನು ಚಲಾವಣೆಗೆ ತಂದವನು ಇನ್ನೂ ಸ್ವಲ್ಪ ಆಚೆಗೆ ಬಂದ ಕಾರ್ತೇಜಿನ ತೆರ್ತುಲಿಯನ್.

ತೊಡಕು ಬೈಬಲಿನಲ್ಲೇ ಇದೆ. ಮೊದಲ ಕ್ರೈಸ್ತರೆಲ್ಲ ಯೆಹೂದ್ಯರು. ದೇವರು ಒಬ್ಬನೇ ಎಂಬುದನ್ನು ದಿನವೂ ಪಠಿಸುತ್ತ ಬೆಳೆದವರು. ಯೋಹಾನನ ಸುವಾರ್ತೆಯಲ್ಲಿ ಯೇಸು ‘ನಾನೂ ತಂದೆಯೂ ಒಂದಾಗಿದ್ದೇವೆ’ ಎನ್ನುತ್ತಾನೆ. ಅದೇ ಸುವಾರ್ತೆಯಲ್ಲಿ ‘ತಂದೆ ನನಗಿಂತ ದೊಡ್ಡವನು’ ಎಂದೂ ಹೇಳುತ್ತಾನೆ. ಪುನರುತ್ಥಾನದ ಬಳಿಕ ತೋಮನು ‘ನನ್ನ ಕರ್ತನೇ, ನನ್ನ ದೇವರೇ’ ಎಂದಾಗ ಯೇಸು ತಡೆಯುವುದಿಲ್ಲ. ಮಾರ್ಕನ ಸುವಾರ್ತೆಯಲ್ಲಾದರೋ ಕಡೆಯ ದಿನ ಯಾವಾಗ ಎಂಬುದು ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು. ಒಂದು ಸಾಲನ್ನು ಹಿಡಿದರೆ ಇನ್ನೊಂದು ಸಾಲು ಎದುರು ನಿಲ್ಲುತ್ತದೆ. ಮುಂದೆ ಬಂದ ಪ್ರತಿಯೊಂದು ಪಂಥವೂ ಈ ಸಾಲುಗಳಲ್ಲಿ ಯಾವುದನ್ನು ಮುಂದಿಡಬೇಕು ಎಂದು ನಿರ್ಧರಿಸಿಯೇ ಹುಟ್ಟಿದೆ.

ಮೊದಮೊದಲ ಉತ್ತರಗಳಲ್ಲಿ ಒಂದನ್ನು ನಾವು ಈಗಲೂ ಕೇಳುತ್ತಿರುತ್ತೇವೆ. ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ವಸ್ತುವಿನ ಮೂರು ರೂಪ, ತ್ರಿಯೇಕ ದೇವರೂ ಹಾಗೆಯೇ ಎಂದು ಭಾನುವಾರದ ಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವುದುಂಟು. ಪ್ರೀತಿಯಿಂದ ಹೇಳುವ ಮಾತು, ನಿಜ. ಆದರೆ ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿಕೊಂಡ, ಕ್ರೈಸ್ತ ಸಭೆ ತಳ್ಳಿಹಾಕಿದ ವಾದ ಇದೇ: ಒಬ್ಬನೇ ದೇವರು ಮೂರು ವೇಷ ತೊಡುತ್ತಾನೆ ಎಂಬುದು. ಹಾಗಿದ್ದರೆ ಗೆತ್ಸೆಮನೆ ತೋಟದಲ್ಲಿ ಯೇಸು ಮೊಣಕಾಲೂರಿ ಬೇಡಿಕೊಂಡದ್ದು ಯಾರನ್ನು ಎಂಬ ಪ್ರಶ್ನೆಗೆ ಉತ್ತರವಿಲ್ಲ. ನಮ್ಮ ಕಡೆ ಕೊಡುವ ಬ್ರಹ್ಮ, ವಿಷ್ಣು, ಮಹೇಶ್ವರರ ಹೋಲಿಕೆಯೂ ದಾರಿ ತಪ್ಪಿಸುತ್ತದೆ. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ಇಲ್ಲಿ ಮೂವರ ಕೆಲಸವೂ ಒಂದೇ, ಯಾರೊಬ್ಬರೂ ಬೇರೆಯಾಗಿ ಏನನ್ನೂ ಮಾಡುವುದಿಲ್ಲ ಎಂಬುದೇ ವಾದದ ತಿರುಳು.

ಬೆಂಕಿ ಹೊತ್ತಿದ್ದು ಈಜಿಪ್ಟಿನ ಬಂದರು ನಗರ ಅಲೆಕ್ಸಾಂಡ್ರಿಯಾದಲ್ಲಿ. ಅಲ್ಲಿನ ಪಾದ್ರಿ ಅರಿಯಸ್, ತನ್ನ ಬಿಷಪ್ ಅಲೆಕ್ಸಾಂಡರನ ಬೋಧನೆಯನ್ನು ಒಪ್ಪಲಿಲ್ಲ. ಮಗ ಎಂದ ಮೇಲೆ ತಂದೆಯಿಂದ ಬಂದವನು. ಬಂದವನಾದರೆ ಆರಂಭ ಇರಲೇಬೇಕು. ‘ಆತನು ಇಲ್ಲದಿದ್ದ ಒಂದು ಗಳಿಗೆ ಇತ್ತು.’ ಮಗ ಸೃಷ್ಟಿಯಲ್ಲೆಲ್ಲ ಶ್ರೇಷ್ಠ, ಲೋಕಕ್ಕಿಂತ ಮೊದಲಿನವನು, ಆದರೂ ಸೃಷ್ಟಿಯೇ. ಅರಿಯಸ್ ಈ ಮಾತುಗಳನ್ನು ಹಾಡಾಗಿಸಿದ. ನಾವಿಕರು, ಗಿರಣಿಯವರು, ದಾರಿಹೋಕರು ಗುನುಗಲೆಂದು ಪದ ಕಟ್ಟಿದ ಎಂದು ಆ ಕಾಲಕ್ಕೆ ಹತ್ತಿರದ ಇತಿಹಾಸಕಾರರು ಬರೆದಿದ್ದಾರೆ. ಅರಿಯಸ್‌ನನ್ನು ಖಳನನ್ನಾಗಿ ಚಿತ್ರಿಸುವುದು ಅನ್ಯಾಯವೆಂದೇ ನನ್ನ ಅನಿಸಿಕೆ. ದೇವರ ಏಕತ್ವವನ್ನು ಕಾಪಾಡಬೇಕೆಂಬ ಆತನ ಕಾಳಜಿ ನಿಜವಾದದ್ದು. ಆದರೆ ಆತನ ಮಾತು ಒಪ್ಪಿದರೆ, ಮುಂಜಾನೆ ಎದ್ದು ಕ್ರಿಸ್ತನಿಗೆ ಹಾಡುತ್ತಿದ್ದವರೆಲ್ಲ ಸೃಷ್ಟಿಯೊಂದನ್ನು ಪೂಜಿಸಿದಂತಾಯಿತು. ಎದುರಾಳಿಗಳನ್ನು ಕೆಣಕಿದ್ದು ಇದೇ. ಸೃಷ್ಟಿಯಾದವನು ಸೃಷ್ಟಿಯನ್ನು ಹೇಗೆ ರಕ್ಷಿಸಿಯಾನು ಎಂದು ಕೇಳಿದವನು ಮುಂದೆ ಅಲೆಕ್ಸಾಂಡ್ರಿಯಾದ ಬಿಷಪ್ ಆದ ಅಥನೇಸಿಯಸ್.

ಸಾಮ್ರಾಜ್ಯದ ಒಗ್ಗಟ್ಟು ಒಡೆಯುವುದನ್ನು ಕಂಡ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾಗೆ ಬಿಷಪ್ಪರನ್ನು ಕರೆಸಿದ. ಅದು ಇಂದಿನ ಇಜ್ನಿಕ್, ಪ್ಲಿನಿ ಆಳಿದ ಬಿಥಿನಿಯಾದ್ದೇ ಊರು. ಸಂಪ್ರದಾಯ 318 ಜನ ಎನ್ನುತ್ತದೆ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕೆಂದು ಅಲ್ಲಿ ತೀರ್ಮಾನಿಸಿದರೆಂಬ ಮಾತು ಇಂದು ಎಲ್ಲೆಡೆ ಓಡಾಡುತ್ತಿದೆ, ಅದು ಸುಳ್ಳು. ಚರ್ಚೆಯಾದದ್ದು ಯೇಸುವಿನ ಬಗ್ಗೆ, ಜೊತೆಗೆ ಈಸ್ಟರ್ ದಿನಾಂಕ ಮತ್ತು ಸಭೆಯ ಶಿಸ್ತಿನ ಬಗ್ಗೆ. ಮಗನು ತಂದೆಯೊಂದಿಗೆ ‘ಹೋಮೊಊಸಿಯೋಸ್’ ಎಂದು ಬರೆದರು, ಅಂದರೆ ಅದೇ ಸತ್ತ್ವದವನು. ಬೈಬಲಿನಲ್ಲಿಲ್ಲದ ಈ ಪದ ಅನೇಕರಿಗೆ ಇಷ್ಟವಿರಲಿಲ್ಲ. ಕೊನೆಗೆ ಸಹಿ ಹಾಕದೆ ಅರಿಯಸ್‌ನೊಂದಿಗೆ ಗಡೀಪಾರಾದ ಬಿಷಪ್ಪರು ಇಬ್ಬರೇ.

ಜಗಳ ಮುಗಿದದ್ದಲ್ಲ, ಶುರುವಾದದ್ದು ಅಲ್ಲಿಂದ. ‘ಹೋಮೊಊಸಿಯೋಸ್’ ಬೇಡ, ‘ಹೋಮೊಯ್‌ಊಸಿಯೋಸ್’ ಇರಲಿ ಎಂದಿತು ಒಂದು ಬಣ. ಗ್ರೀಕಿನಲ್ಲಿ ಒಂದೇ ಅಕ್ಷರದ ಅಂತರ. ಕನ್ನಡದಲ್ಲಿ ಹೇಳುವುದಾದರೆ ‘ಅದೇ’ ಮತ್ತು ‘ಅಂಥದೇ’ ನಡುವಿನ ವ್ಯತ್ಯಾಸ. ನನ್ನ ಮನೆ ‘ಅದೇ’ ಎನ್ನುವುದಕ್ಕೂ ‘ಅಂಥದೇ’ ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂದು ಯೋಚಿಸಿದರೆ ಅವರು ಆ ಅಕ್ಷರಕ್ಕೆ ಏಕೆ ಹೊಡೆದಾಡಿದರೆಂದು ತಿಳಿಯುತ್ತದೆ. ಕಾನ್‌ಸ್ಟಂಟೈನನೇ 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ, ಅಂದರೆ ಕ್ರೈಸ್ತನಾಗುವ ನೀರಿನ ವಿಧಿ, ಪಡೆದದ್ದು ಅರಿಯಸ್‌ನ ಬೆಂಬಲಿಗನಾಗಿದ್ದ ಬಿಷಪ್ಪನ ಕೈಯಿಂದ. ಅಥನೇಸಿಯಸ್ ಐದು ಸಲ ಗಡೀಪಾರಾದ. 359ರ ಹೊತ್ತಿಗೆ ಚಕ್ರವರ್ತಿಯ ಒತ್ತಡದಲ್ಲಿ ನೈಸಿಯಾದ ಪದವನ್ನೇ ಕೈಬಿಡಲಾಯಿತು. ‘ಇಡೀ ಲೋಕ ನರಳಿತು, ತಾನು ಅರಿಯನ್ ಆಗಿಬಿಟ್ಟೆನೆಂದು ಬೆಚ್ಚಿತು’ ಎಂದು ಆ ಕಾಲದ ವಿದ್ವಾಂಸ ಜೆರೋಮ್ ಬರೆದ. ಅರಿಯನ್ ಎಂದರೆ ಅರಿಯಸ್‌ನ ಪಕ್ಷದವನು.

ಈ ಹೊತ್ತಿನಲ್ಲೇ ಜಗಳ ಮತ್ತೆ ಪ್ರಾರ್ಥನೆಗೆ ಮರಳಿತು. ಇಂದಿನ ಟರ್ಕಿಯಲ್ಲಿರುವ ಸಿಸೇರಿಯಾದ ಬಿಷಪ್ ಬೇಸಿಲ್, ನಿಸ್ಸಾದ ಗ್ರೆಗೊರಿಯ ಅಣ್ಣ. ಆತ ಆರಾಧನೆಯಲ್ಲಿ ಒಮ್ಮೊಮ್ಮೆ ‘ಪವಿತ್ರಾತ್ಮನಲ್ಲಿ ಮಗನ ಮೂಲಕ ತಂದೆಗೆ ಮಹಿಮೆ’ ಎನ್ನುತ್ತಿದ್ದ, ಇನ್ನೊಮ್ಮೆ ‘ಮಗನೊಂದಿಗೆ, ಪವಿತ್ರಾತ್ಮನೊಡನೆ ತಂದೆಗೆ ಮಹಿಮೆ’ ಎನ್ನುತ್ತಿದ್ದ. ಕೇಳಿದವರು ಕೆರಳಿದರು. ‘ಮೂಲಕ’ ಎಂದರೆ ಮಗ ಸಾಧನ, ‘ಒಂದಿಗೆ’ ಎಂದರೆ ಸಮಾನ. ಬೇಸಿಲ್ ಈ ಒಂದು ವಿಷಯಕ್ಕೇ ಪವಿತ್ರಾತ್ಮನ ಕುರಿತು ಪುಸ್ತಕ ಬರೆದ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಉರುಹೊಡೆದ ನಮಗೆ ಇದರ ರುಚಿ ಚೆನ್ನಾಗಿ ಹತ್ತಬೇಕು. ಸತ್ತ್ವ ಒಂದು, ವ್ಯಕ್ತಿಗಳು ಮೂವರು ಎಂಬ ಮಾತನ್ನು ಹದಗೊಳಿಸಿದವರೂ ಬೇಸಿಲ್, ಗ್ರೆಗೊರಿ ಮತ್ತು ಅವರ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿ. 381ರ ಕಾನ್‌ಸ್ಟಾಂಟಿನೋಪಲ್ ಬಿಷಪ್ಪರ ಸಭೆ ಪವಿತ್ರಾತ್ಮನೂ ತಂದೆ ಮತ್ತು ಮಗನೊಂದಿಗೆ ಆರಾಧನೆಗೆ ಅರ್ಹ ಎಂದು ಸೇರಿಸಿತು. ಕನ್ನಡದ ಕ್ಯಾಥೊಲಿಕರು ಹಣೆ, ಎದೆ, ಭುಜ ಮುಟ್ಟಿ ‘ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ’ ಎನ್ನುವಾಗ ‘ನಾಮಗಳಲ್ಲಿ’ ಎನ್ನದಿರುವುದನ್ನು ಗಮನಿಸಿ. ಈ ಮಾತು ಬರುವ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲೂ ಅಲ್ಲಿರುವುದು ಏಕವಚನವೇ.

ಸೋತ ಪಕ್ಷಕ್ಕೆ ಏನಾಯಿತು? ಇಟಲಿಯ ರವೆನ್ನಾದಲ್ಲಿ ಉತ್ತರ ಕಣ್ಣಿಗೆ ಕಾಣುತ್ತದೆ. ಗಾಥ್ ಎಂಬ ಜರ್ಮಾನಿಕ್ ಜನರಿಗೆ ಬೈಬಲ್ ಅನುವಾದಿಸಿ ಲಿಪಿ ರೂಪಿಸಿಕೊಟ್ಟ ವುಲ್ಫಿಲಾ ಅರಿಯನ್ ಪಕ್ಷದವನು. ಹಾಗಾಗಿ ಗಾಥ್ ದೊರೆ ಥಿಯೊಡೊರಿಕ್ ರವೆನ್ನಾದಲ್ಲಿ ಕಟ್ಟಿಸಿದ ಅರಮನೆ ಚರ್ಚೂ ಅರಿಯನ್ನರದ್ದು. 540ರಲ್ಲಿ ಊರು ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಸೈನ್ಯದ ವಶವಾಯಿತು, ಮುಂದೆ ಚರ್ಚ್ ನೈಸಿಯಾದ ಪಕ್ಷಕ್ಕೆ ಹೋಯಿತು. ಗೋಡೆಯ ಮೊಸಾಯಿಕ್‌ನಲ್ಲಿ ಅರಮನೆಯ ಕಂಬಗಳ ನಡುವೆ ಚಿತ್ರಿಸಿದ್ದ ಜನರನ್ನು ಕಿತ್ತು ಅಲ್ಲಿ ಪರದೆಗಳನ್ನು ಕೂರಿಸಿದರು. ಕೆಲವು ಕಂಬಗಳ ಮೇಲೆ ಮಾತ್ರ ಆ ಜನರ ಕೈಗಳು ಉಳಿದುಬಿಟ್ಟಿವೆ. ಬಿಳಿ ಕಂಬ, ಅದನ್ನು ಅಡ್ಡ ಹಾಯ್ದ ಒಂದು ಅಂಗೈ, ತೋಳಿಲ್ಲ, ಮುಖವಿಲ್ಲ.

ಮುಂದಿನ ಪ್ರಶ್ನೆ: ದೇವರಾದವನು ಮನುಷ್ಯನೂ ಆಗಿರುವುದು ಹೇಗೆ? 451ರ ಕಾಲ್ಸಿಡನ್ ಬಿಷಪ್ಪರ ಸಭೆ ಒಬ್ಬನೇ ಕ್ರಿಸ್ತ, ಎರಡು ಸ್ವಭಾವ ಎಂದಿತು. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಸಭೆಗಳು ಒಪ್ಪದೆ ಬೇರೆಯಾದವು. ಕೇರಳದ ಆರ್ಥೊಡಾಕ್ಸ್ ಮತ್ತು ಜಾಕೊಬೈಟ್ ಸಭೆಗಳು ಇಂದಿಗೂ ಆ ಸಾಲಿನವೇ. ಪಶ್ಚಿಮದಲ್ಲಿ ಪವಿತ್ರಾತ್ಮ ‘ತಂದೆಯಿಂದ’ ಹೊರಡುತ್ತಾನೆ ಎಂಬಲ್ಲಿಗೆ ‘ಮಗನಿಂದಲೂ’ ಎಂಬ ಒಂದೇ ಪದ ಸೇರಿತು. ನಮ್ಮ ‘ಊ’ ಪ್ರತ್ಯಯದಂತೆಯೇ ಲ್ಯಾಟಿನ್ನಿನಲ್ಲೂ ಪದದ ಬಾಲಕ್ಕೆ ಅಂಟುವ ತುಣುಕದು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಒಡೆದಾಗ ಎದುರುಬದುರಿನ ಆರೋಪಗಳಲ್ಲಿ ಅದೂ ಇತ್ತು.

1553ರ ಅಕ್ಟೋಬರ್ 27. ಜಿನೀವಾ. ತ್ರಿತ್ವವನ್ನು ಪ್ರಶ್ನಿಸಿ ಪುಸ್ತಕ ಬರೆದ ಸ್ಪೇನಿನ ವೈದ್ಯ ಮೈಕೆಲ್ ಸರ್ವೀಟಸ್‌ನನ್ನು ಸುಟ್ಟರು. ಬೆಂಕಿಯಲ್ಲಿ ಆತ ಕೂಗಿದ್ದು ‘ನಿತ್ಯನಾದ ದೇವರ ಮಗನೇ ಯೇಸುವೇ, ಕರುಣಿಸು’ ಎಂದು ಎನ್ನುತ್ತಾರೆ. ‘ದೇವರ ನಿತ್ಯನಾದ ಮಗನೇ’ ಎಂದಿದ್ದರೆ ಬದುಕುತ್ತಿದ್ದನೋ ಏನೋ. ವಿಶೇಷಣವನ್ನು ತಂದೆಯಿಂದ ಮಗನಿಗೆ ದಾಟಿಸಲು ಉರಿಯ ನಡುವೆಯೂ ಆತ ಒಪ್ಪಲಿಲ್ಲ. ಆತನ ನಂಬಿಕೆಯನ್ನು ಹಂಚಿಕೊಳ್ಳದವರಿಗೂ ಇದನ್ನು ಓದುವಾಗ ಗಂಟಲು ಕಟ್ಟುತ್ತದೆ. ಹದಿನೈದು ವರ್ಷಗಳಲ್ಲೇ, 1568ರಲ್ಲಿ, ಇಂದಿನ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ತೋರ್ದಾ ಶಾಸನ ಪ್ರವಚನಕಾರರು ತಮ್ಮ ತಿಳಿವಳಿಕೆಯಂತೆ ಬೋಧಿಸಬಹುದು ಎಂದಿತು. ದೇವರು ಒಬ್ಬನೇ, ಯೇಸು ಮನುಷ್ಯ ಗುರು ಎನ್ನುವ ಯೂನಿಟೇರಿಯನ್ ಸಭೆ ಅಲ್ಲಿ ಬೇರು ಬಿಟ್ಟಿತು.

ಅದೇ ಜಗಳ ಕಲ್ಕತ್ತಕ್ಕೆ ಬಂದ ಕತೆ ನಮ್ಮವರಿಗೆ ಇನ್ನಷ್ಟು ತಿಳಿಯಬೇಕು. ರಾಜಾ ರಾಮಮೋಹನ ರಾಯರು 1820ರಲ್ಲಿ ಪವಾಡಗಳನ್ನು ಬಿಟ್ಟು, ಯೇಸುವಿನ ಉಪದೇಶಗಳನ್ನಷ್ಟೇ ಆರಿಸಿ ಅಚ್ಚು ಹಾಕಿಸಿದರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಪ್ರತಿಭಟಿಸಿದರು. ರಾಯರು ಗ್ರೀಕ್, ಹೀಬ್ರೂ ಮೂಲಗಳನ್ನೇ ಹಿಡಿದು ಉತ್ತರಿಸಿದರು. ಈ ನಡುವೆ ಅವರು ವಿಲಿಯಂ ಆಡಂ ಮೊದಲಾದ ಮಿಷನರಿಗಳೊಡನೆ ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನನ ಮೊದಲ ಅಧ್ಯಾಯದ ಮೂರನೇ ವಚನಕ್ಕೆ ಬಂದಾಗ ಕೆಲಸ ನಿಂತಿತು: ಸಮಸ್ತವೂ ‘ಆತನಿಂದ’ ಉಂಟಾಯಿತೋ, ‘ಆತನ ಮೂಲಕ’ ಉಂಟಾಯಿತೋ? ಬೇಸಿಲನ ಸಿಸೇರಿಯಾದಲ್ಲಿ ಕೆರಳಿಸಿದ್ದ ಅದೇ ಗ್ರೀಕ್ ಪದ. ‘ಮೂಲಕ’ ಎಂಬುದೇ ಸರಿ ಎಂದು ಮನದಟ್ಟಾದ ಆಡಂ 1821ರಲ್ಲಿ ತ್ರಿತ್ವದ ನಂಬಿಕೆಯನ್ನೇ ಬಿಟ್ಟು ಯೂನಿಟೇರಿಯನ್ ಆದರು. ಅವರನ್ನು ‘ಎರಡನೇ ಸಲ ಬಿದ್ದ ಆದಾಮ’ ಎಂದು ಆಡಿಕೊಂಡರು. ರಾಯರ ಮೂರನೆಯ ಉತ್ತರವನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ನಿರಾಕರಿಸಿತು. ರಾಯರು ಬೇರೆ ಮುದ್ರಣಾಲಯವನ್ನೇ ಏರ್ಪಡಿಸಿಕೊಂಡರು.

ಇಸ್ಲಾಮಿನಲ್ಲಿ ಈಸಾ ಕನ್ಯೆ ಮರ್ಯಮಳ ಮಗ, ಮಹಾ ಪ್ರವಾದಿ. ‘ಮೂವರು ಎನ್ನಬೇಡಿ’ ಎಂದು ಕುರ್‌ಆನ್ ನೇರವಾಗಿ ಹೇಳುತ್ತದೆ. ಮನೆ ಬಾಗಿಲಿಗೆ ಪತ್ರಿಕೆ ಹಿಡಿದು ಬರುವ ಯೆಹೋವನ ಸಾಕ್ಷಿಗಳು ಯೇಸುವನ್ನು ದೇವರ ಮೊದಲ ಸೃಷ್ಟಿ ಎನ್ನುತ್ತಾರೆ, ಅರಿಯಸ್‌ನ ಮಾತಿಗೆ ಹತ್ತಿರ. ಅಮೆರಿಕದಲ್ಲಿ ಹುಟ್ಟಿದ ಪಂಥದವರಾದ ಮಾರ್ಮನ್ನರಿಗೆ ತಂದೆ, ಮಗ, ಪವಿತ್ರಾತ್ಮ ಉದ್ದೇಶದಲ್ಲಿ ಒಂದಾದ ಮೂರು ಬೇರೆ ಬೇರೆ ವ್ಯಕ್ತಿಗಳು. ಪೆಂತೆಕೋಸ್ತರಲ್ಲೇ ‘ಏಕತ್ವ’ದ ಪಂಗಡವೊಂದಿದೆ, ಅವರಿಗೆ ಮೂರೂ ಒಬ್ಬ ಯೇಸುವಿನದೇ ಪ್ರಕಟಣೆ.

ಯೇಸುವಿನ ಹೆಸರಿನ ಈ ಪಂಗಡಗಳ ಭಿನ್ನತೆ ಕೊನೆಗೆ ಹೊರಬೀಳುವುದು ದೀಕ್ಷಾಸ್ನಾನದ ತೊಟ್ಟಿಯ ಬಳಿ. ಕ್ಯಾಥೊಲಿಕ್ ಸಭೆ ಮುಖ್ಯವಾಹಿನಿಯ ಪ್ರೊಟೆಸ್ಟೆಂಟರ ದೀಕ್ಷಾಸ್ನಾನವನ್ನು ಒಪ್ಪುತ್ತದೆ, ಇನ್ನೊಮ್ಮೆ ಕೊಡುವುದಿಲ್ಲ. ಮಾರ್ಮನ್ನರು ಅದೇ ಮೂವರ ಹೆಸರು ಹೇಳಿ ನೀರಲ್ಲಿ ಮುಳುಗಿಸಿದರೂ, ಹೆಸರಿನ ಹಿಂದಿನ ಅರ್ಥ ಬೇರೆಯೆಂದು 2001ರಲ್ಲಿ ವ್ಯಾಟಿಕನ್ ಅದನ್ನು ಸಿಂಧುವಲ್ಲ ಎಂದಿತು. ಏಕತ್ವದ ಪೆಂತೆಕೋಸ್ತರಾದರೋ, ಮೂವರ ಹೆಸರಿನಲ್ಲಿ ಮುಳುಗೆದ್ದು ಬಂದವರನ್ನು ಮತ್ತೆ ನೀರಿಗಿಳಿಸುತ್ತಾರೆ, ಈ ಸಲ ‘ಯೇಸು ಕ್ರಿಸ್ತನ ಹೆಸರಿನಲ್ಲಿ’ ಎಂದಷ್ಟೇ ಹೇಳಿ.