ಪರಾಮರ್ಶನ ಗ್ರಂಥವನ್ನು ಕೊನೆಯ ಪುಟಗಳಿಂದ ತೆರೆಯಿರಿ

ಬದಿಯಡ್ಕ ಕಡೆಯ ಪ್ಲಸ್ ವನ್ (ಹನ್ನೊಂದನೆಯ ತರಗತಿ) ವಿದ್ಯಾರ್ಥಿಯೊಬ್ಬ ಮಂಗಳೂರಿನಿಂದ ಕೊಂಡು ತಂದ, ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದಪ್ಪನೆಯ ಪುಸ್ತಕವನ್ನು ನನ್ನ ಮುಂದಿಟ್ಟು, "ಟೀಚರ್, ಇದರಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿದ್ದೇನೆ, ಒಂದು ಅಕ್ಷರವೂ ತಪ್ಪಿಲ್ಲ, ಆದರೂ ಪ್ರೋಗ್ರಾಂ ಓಡುವುದಿಲ್ಲ" ಎಂದ. ಅವನು ಹೇಳಿದ್ದು ನಿಜ. ಮೊದಲ ಸಾಲಿನಲ್ಲಿ 'ಐಒಸ್ಟ್ರೀಮ್ ಡಾಟ್ ಎಚ್' ಎಂದಿತ್ತು, ಓದುವ ಬರೆಯುವ ಸೌಲಭ್ಯವನ್ನು ಪ್ರೋಗ್ರಾಂಗೆ ತಂದುಕೊಡುವ ಕಡತದ ಹೆಸರದು. 1998ರಲ್ಲಿ ಈ ಭಾಷೆಗೆ ಮೊದಲ ಅಂತಾರಾಷ್ಟ್ರೀಯ ಮಾನಕ ಬಂದಾಗ ಅದರಲ್ಲಿ 'ಡಾಟ್ ಎಚ್' ಇಲ್ಲದ ಹೆಸರಿಗಷ್ಟೇ ಸ್ಥಾನ ಸಿಕ್ಕಿತು. ಲಿನಕ್ಸ್ ಗಣಕದಲ್ಲಿರುವ ಇಂದಿನ ಜಿಸಿಸಿ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಗಣಕದ ಭಾಷೆಗೆ ಬದಲಿಸುವ ತಂತ್ರಾಂಶ) ಹಳೆಯ ಹೆಸರನ್ನು ಕಂಡರೆ ಅಂಥ ಕಡತವೇ ಇಲ್ಲವೆಂದು ಅಲ್ಲಿಗೇ ನಿಲ್ಲುತ್ತದೆ. ಪುಸ್ತಕದ ದೋಷವನ್ನು ಆ ಹುಡುಗ ಎರಡು ವಾರ ತನ್ನ ದಡ್ಡತನವೆಂದು ಭಾವಿಸಿದ್ದನಲ್ಲ, ನನಗೆ ನೋವಾದದ್ದು ಅದಕ್ಕೆ.

ಆ ಪುಸ್ತಕದಲ್ಲಿ ತೀರಾ ಇತ್ತೀಚಿನ ಇಸವಿಯೇ ಅಚ್ಚಾಗಿತ್ತು, ಆದರೆ ಅದು ಮರುಮುದ್ರಣದ ಇಸವಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಆವೃತ್ತಿಯ ವರ್ಷವನ್ನೇ ಹುಡುಕಬೇಕು. ಸಿ ಪ್ಲಸ್ ಪ್ಲಸ್ ಮಟ್ಟಿಗೆ 2011ರ ಮಾನಕಕ್ಕಿಂತ ಹಿಂದಿನ ಪುಸ್ತಕವನ್ನು ಪರಾಮರ್ಶನಕ್ಕೆಂದು ಕೊಳ್ಳಬೇಡಿ ಎನ್ನುತ್ತೇನೆ, ಏಕೆಂದರೆ ಈ ಭಾಷೆಯ 'ಆಟೋ' ಎಂಬ ಪದದ ಅರ್ಥವೇ ಆಗ ಬದಲಾಯಿತು, ಬೆಲೆಯ ಬಗೆಯನ್ನು ಕಂಪೈಲರ್ ತಾನೇ ಕಂಡುಕೊಳ್ಳಲಿ ಎಂಬುದು ಅದರ ಹೊಸ ಅರ್ಥ.

ಪಾಠದ ಪುಸ್ತಕವನ್ನು ಮೊದಲಿನಿಂದ ಓದುತ್ತೇವೆ. ಪರಾಮರ್ಶನ ಗ್ರಂಥವನ್ನಾದರೋ ಕೆಲಸದ ನಡುವೆ ಸಂದೇಹ ಬಂದಾಗ ತೆರೆಯುತ್ತೇವೆ. ಆದ್ದರಿಂದ ಅಂಗಡಿಯಲ್ಲಿ ನಿಂತಾಗ ಮುನ್ನುಡಿಯನ್ನು ಬಿಟ್ಟು ಕೊನೆಯ ಪದಸೂಚಿಗೆ ಹೋಗಿ, ಕಳೆದ ವಾರ ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ಅಲ್ಲಿ ಹುಡುಕಿ. ನಾನು ಸಾಮಾನ್ಯವಾಗಿ 'ಮ್ಯಾಪ್' ಎಂಬ ಪದವನ್ನು ನೋಡುತ್ತೇನೆ, ಒಂದೊಂದು ಕೀಲಿಗೂ (ಗುರುತಿನ ಹೆಸರಿಗೂ) ಒಂದು ಬೆಲೆಯನ್ನು ಜೋಡಿಸಿಡುವ ಪಟ್ಟಿಯದು. ಮ್ಯಾಪ್‌ನಲ್ಲಿ ಇಲ್ಲದ ಕೀಲಿಯೊಂದನ್ನು ಚೌಕ ಆವರಣದೊಳಗೆ ಬರೆದು ಬೆಲೆ ಕೇಳಿದರೆ ದೋಷವೇನೂ ಕಾಣಿಸುವುದಿಲ್ಲ. ಆ ಕೀಲಿ ಸದ್ದಿಲ್ಲದೆ ಹೊಸದಾಗಿ ಸೇರಿಕೊಳ್ಳುತ್ತದೆ, ಬೆಲೆ ಪೂರ್ಣಾಂಕವಾಗಿದ್ದರೆ ಸೊನ್ನೆಯೂ ಜೊತೆಗೆ ಕೂರುತ್ತದೆ. ಅಂಗಡಿಯ ದಾಸ್ತಾನು ಪಟ್ಟಿಯಲ್ಲಿ 'ಗೋಡಂಬಿ' ಇದೆಯೇ ಎಂದು ಹೀಗೆ ಕೇಳಿದ ಮಾತ್ರಕ್ಕೆ ಪಟ್ಟಿಯ ಎಣಿಕೆ ಒಂದು ಹೆಚ್ಚಿರುತ್ತದೆ. ಇದನ್ನು ಎಚ್ಚರಿಸಿ, ಇದೆಯೇ ಎಂದಷ್ಟೇ ನೋಡಲು 'ಫೈಂಡ್' ಬಳಸಿರೆಂದು ಹೇಳುವ ಪುಸ್ತಕ ನಿಮ್ಮ ಕೈಯಲ್ಲಿದ್ದರೆ, ಅದನ್ನು ಬರೆದವರು ಈ ಪೆಟ್ಟು ತಿಂದವರೇ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಾಸರಗೋಡಿನ ಮಕ್ಕಳಿಗೆ ಇಂಗ್ಲಿಷ್ ವಿವರಣೆ ಭಾರವಾಗುವುದು ಸಹಜ. ಅಂಥವರು ಪ್ರತಿ ನಮೂದಿನ ಕೆಳಗೂ ಹತ್ತು ಹದಿನೈದು ಸಾಲಿನ ಪೂರ್ಣ ಪ್ರೋಗ್ರಾಂ ಕೊಟ್ಟಿರುವ ಪುಸ್ತಕವನ್ನೇ ಆರಿಸಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇಂದಿಗೂ ಉಪಯುಕ್ತವಾಗಿರುವುದಕ್ಕೆ ಪದದ ಜೊತೆಗೆ ಪ್ರಯೋಗವನ್ನೂ ಕೊಟ್ಟಿರುವುದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಹುಡುಗನಿಗೆ ಆ ಪುಸ್ತಕವನ್ನು ಎಸೆಯಲು ಹೇಳಲಿಲ್ಲ. ಲೂಪ್ ಮತ್ತು ಅರೇಗಳ ಅಧ್ಯಾಯಗಳು ಅದರಲ್ಲಿ ಚೆನ್ನಾಗಿಯೇ ಇವೆ. ಮೊದಲ ಪುಟದಲ್ಲಿ ಅವನು ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡ: "ಡಾಟ್ ಎಚ್ ತೆಗೆಯಬೇಕು, ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ ಸೇರಿಸಬೇಕು." ಮಾನಕದ ಹೆಸರುಗಳು 'ಎಸ್‌ಟಿಡಿ' ಎಂಬ ಗುಂಪಿನಲ್ಲಿರುವುದರಿಂದ ಎರಡನೆಯದೂ ಬೇಕು. ಪ್ರೋಗ್ರಾಂ ಆ ಸಂಜೆಯೇ ಓಡಿತು.