ಬ್ಯಾಕಪ್ ಇತ್ತು, ಅದೂ ಹೋಯಿತು

ತುಲಾ ತಿಂಗಳ ಗುಡುಗು ಶುರುವಾಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಹೋದ ಫೈಲುಗಳನ್ನು ಮರಳಿ ತೆಗೆದುಕೊಡುವ ನನ್ನಲ್ಲಿಗೆ ಸತ್ತ ಹಾರ್ಡ್‌ಡಿಸ್ಕ್‌ಗಳು ಬರತೊಡಗುತ್ತವೆ. "ಬ್ಯಾಕಪ್ ಇತ್ತು, ಅದೂ ಹೋಯಿತು" ಎನ್ನುವವರೇ ಹೆಚ್ಚು. ಹೋಗದೆ ಏನು? ಎಕ್ಸ್‌ಟರ್ನಲ್ ಡಿಸ್ಕನ್ನು ವರ್ಷವಿಡೀ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ, ಕರೆಂಟ್ ಲೈನಿನಲ್ಲೋ ಇಂಟರ್ನೆಟ್ ಕೇಬಲಿನಲ್ಲೋ ನುಗ್ಗಿದ ಸಿಡಿಲು ಎರಡನ್ನೂ ಒಂದೇ ಏಟಿಗೆ ಮುಗಿಸಬಹುದು. ಯುಪಿಎಸ್ ಇರುವುದು ಕರೆಂಟ್ ಹೋದಾಗಿನ ಹತ್ತು ನಿಮಿಷಕ್ಕೆ. ಸಿಡಿಲಿಗೆ ಅದನ್ನು ನಂಬಿ ಕೂರಬೇಡಿ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಬಂದರೂ ಅಷ್ಟೇ, ಸಿಕ್ಕಿಸಿದ ಡಿಸ್ಕಿಗೂ ಬೀಗ.

ಸಿಡಿಲಿಗೆ ಸಿಕ್ಕ ಡಿಸ್ಕಿನಲ್ಲಿ ಸಾಮಾನ್ಯವಾಗಿ ಸುಡುವುದು ಅಡಿಯ ಸರ್ಕ್ಯೂಟ್ ಬೋರ್ಡ್, ಫೈಲುಗಳಿರುವ ಒಳಗಿನ ತಟ್ಟೆಗಳಲ್ಲ. ಹಾಗಾಗಿ ಆಸೆ ಇದೆ. ಆದರೆ ಅದೇ ಮಾಡೆಲಿನ ಇನ್ನೊಂದು ಬೋರ್ಡ್ ತಂದು ಕೂರಿಸಿದ ಮಾತ್ರಕ್ಕೆ ಈಗಿನ ಡಿಸ್ಕ್‌ಗಳು ಏಳುವುದು ಅಪರೂಪ. ಆಯಾ ಡಿಸ್ಕಿಗೆಂದೇ ಹೊಂದಿಸಿದ ಅಳತೆಗಳು ಹಳೆಯ ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುತ್ತವೆ. ಅದನ್ನು ಬಿಸಿಗಾಳಿಯಿಂದ ಕಿತ್ತು ಹೊಸದಕ್ಕೆ ಬೆಸೆಯಬೇಕು.

ಬಿದ್ದ ಡಿಸ್ಕಿನ ಕಥೆಯೇ ಬೇರೆ. ಯಕ್ಷಗಾನದ ರೆಕಾರ್ಡಿಂಗ್ ತುಂಬಿದ್ದ ಡಿಸ್ಕೊಂದು ಮೇಜಿನಿಂದ ಬಿದ್ದು ಟಿಕ್ ಟಿಕ್ ಎನ್ನತೊಡಗಿತ್ತು. ವಿಂಡೋಸ್ ಕೇಳಿದ್ದಕ್ಕೆಲ್ಲ ಹೂಂ ಅಂದ ಮನೆಯವರು ರಾತ್ರಿಯಿಡೀ, ಡಿಸ್ಕಿನ ತಪ್ಪು ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಿದ್ದರು. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದನ್ನು ಓದುವ ಹೆಡ್ ಅದರಿಂದ ಕೆಲವೇ ನ್ಯಾನೊಮೀಟರ್ ಮೇಲೆ ಹಾರುತ್ತದೆ. ಬಾಗಿದ ಹೆಡ್ ರಾತ್ರಿಯಿಡೀ ಕೆರೆದರೆ? ಬಿಚ್ಚಿದಾಗ ಹೊಳೆಯುವ ತಟ್ಟೆಯ ಮೇಲೆ ದುಂಡನೆಯ ಗೀರು, ಫಿಲ್ಟರಿನಲ್ಲಿ ಕಪ್ಪು ಪುಡಿ. ಭಾಗವತರ ಪದಗಳೆಲ್ಲ ಆ ಪುಡಿಯಲ್ಲಿದ್ದವು.

ಟಿಕ್ ಟಿಕ್ ಕೇಳಿದರೆ ಪ್ಲಗ್ ಎಳೆಯಿರಿ. ಅಕ್ಕಿ ಡಬ್ಬಿಯಲ್ಲಿಡುವ, ಫ್ರೀಜರಿನಲ್ಲಿಡುವ ಮನೆಮದ್ದು ಯಾವುದೂ ಬೇಡ. ನಮ್ಮ ಕರಾವಳಿಯ ಹವೆಯಲ್ಲಿ ಫ್ರೀಜರಿನಿಂದ ತೆಗೆದ ಡಿಸ್ಕಿನ ಮೇಲೆ ನೀರು ಕೂರುತ್ತದೆ. ಶಬ್ದವಿಲ್ಲದೆ ಬರೀ ನಿಧಾನವಾಗಿದ್ದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಹುಡುಕಾಟವನ್ನೆಲ್ಲ ಆ ನಕಲಿನ ಮೇಲೆ ನಡೆಸಬೇಕು. ಸುಲಭವಾಗಿ ಓದಲು ಬರುವ ಜಾಗಗಳನ್ನು ಅದು ಮೊದಲು ಎತ್ತಿಕೊಂಡು, ಹಟ ಮಾಡುವವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ತಟ್ಟೆಯಿಲ್ಲದೆ ಬರೀ ಚಿಪ್ಪುಗಳಿರುವ ಎಸ್‌ಎಸ್‌ಡಿಯಲ್ಲಿ ಅಳಿಸಿಹೋದ ಫೈಲಿನ ಆಸೆ ಕಡಿಮೆ: ಅಳಿಸಿದ ಜಾಗ ಇನ್ನು ಬೇಡ ಎಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಆದೇಶ ಹೋದ ಮೇಲೆ ಸಾಮಾನ್ಯವಾಗಿ ಸಿಗುವುದು ಬರೀ ಸೊನ್ನೆಗಳು.

ಈ ಉಸಾಬರಿಯೆಲ್ಲ ಬೇಡವಾದರೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಿ. ಒಂದರಲ್ಲಿ ಶನಿವಾರ ಪ್ರತಿ ತೆಗೆದು, ಕಿತ್ತು, ಕಪಾಟಿಗೆ ಸೇರಿಸಿ; ಇನ್ನೊಂದು ಮಂಗಳೂರಿನ ಮಗಳ ಮನೆಯಲ್ಲಿರಲಿ, ಹೋಗಿಬರುವಾಗ ಅದಲುಬದಲು ಮಾಡಿ. ಆಗಾಗ ನಾಲ್ಕು ಫೈಲು ತೆರೆದೂ ನೋಡಿ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪಾದರೆ ಅದರ 48 ಅಂಕೆಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನೊಳಗೆ ಸೇವ್ ಮಾಡಿಟ್ಟವರೂ ನನ್ನಲ್ಲಿಗೆ ಬರುತ್ತಾರೆ.