ಬ್ರಾಂಡೆಡ್ ಸಿಸ್ಟಂಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದಾ?

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 7050 ತಗೊಂಡಿದ್ದೇನೆ. ಸಣ್ಣ ಕ್ಯಾಬಿನೆಟ್. ಐ5-7500 ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬರುವಷ್ಟು ಸ್ಲೋ. ಮಗನಿಗೆ ಗೇಮ್ ಆಡಬೇಕು, ಸ್ವಲ್ಪ ವಿಡಿಯೋ ಎಡಿಟಿಂಗ್ ಮಾಡಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಅದಕ್ಕೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಕೂಡ ಚೇಂಜ್ ಮಾಡಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಮಾಡಿಸಬಹುದಾ?

ಉತ್ತರ: ಕಾರ್ಡ್ ಹಾಕಿಸಬಹುದು. ಎಸ್‌ಎಂಪಿಎಸ್ ಮುಟ್ಟಬೇಡಿ. ಅದಕ್ಕೂ ಮುಂಚೆ ಬೇರೆ ಎರಡು ಕಡೆ ದುಡ್ಡು ಹಾಕಿ. ನೀವು ಹೇಳುವ ಸ್ಲೋ ಸಮಸ್ಯೆಗೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧವೇ ಇಲ್ಲ.

ಈ ಪ್ರಶ್ನೆ ಬೇರೆ ಬೇರೆ ಮಾಡೆಲ್ ಹೆಸರಲ್ಲಿ ಬರುತ್ತಲೇ ಇರುತ್ತದೆ. ಕೆಲವರ ಬಳಿ ಎಚ್‌ಪಿ ಎಲೈಟ್‌ಡೆಸ್ಕ್, ಕೆಲವರ ಬಳಿ ಲೆನೊವೊ ಥಿಂಕ್‌ಸೆಂಟರ್. ಆಫೀಸುಗಳಲ್ಲಿ ಲೀಸ್ ಮುಗಿದ ಮೇಲೆ ಇವು ಲಾಟ್‌ಗಟ್ಟಲೆ ಹೊರಗೆ ಬರುತ್ತವೆ. ಗಟ್ಟಿ ಮಾಲು, ಬೆಲೆಯೂ ಕಡಿಮೆ. ತೊಂದರೆ ಶುರುವಾಗುವುದು ಬಿಡಿಭಾಗ ಜೋಡಿಸಿ ಮಾಡಿದ ಅಸೆಂಬಲ್ಡ್ ಸಿಸ್ಟಂ ಥರ ಇದಕ್ಕೂ ಏನು ಬೇಕಾದರೂ ಹಾಕಬಹುದು ಅಂದುಕೊಂಡಾಗ.

ಅಸೆಂಬಲ್ಡ್ ಸಿಸ್ಟಂನಲ್ಲಿ ಬೋರ್ಡ್ (ಮದರ್‌ಬೋರ್ಡ್), ಕ್ಯಾಬಿನೆಟ್, ಎಸ್‌ಎಂಪಿಎಸ್ ಮೂರೂ ಒಂದೇ ಅಳತೆಯ ನಿಯಮಕ್ಕೆ ಬದ್ಧ. ಬೋರ್ಡಿಗೆ ಕರೆಂಟ್ ಕೊಡುವ ವೈರಿಗೆ 24 ಪಿನ್ ಇರುತ್ತದೆ, ಯಾವ ಕಂಪನಿಯದ್ದಾದರೂ ಕೂರುತ್ತದೆ. ನಿಮ್ಮ 7050ರಲ್ಲಿ ಆ ಜಾಗದಲ್ಲಿ ಇರುವುದು 6 ಪಿನ್. ಇದಕ್ಕಿಂತ ಹಳೆಯ 9020ರಲ್ಲಿ 8 ಪಿನ್. ಹಾರ್ಡ್ ಡಿಸ್ಕಿನ ಪವರ್ ವೈರ್ ಕೂಡ ಎಸ್‌ಎಂಪಿಎಸ್‌ನಿಂದ ಬರುವುದಿಲ್ಲ, ಬೋರ್ಡಿನಿಂದ ಬರುತ್ತದೆ. ಮುಂದಿನ ಪವರ್ ಬಟನ್ ವೈರೂ ಡೆಲ್‌ನದ್ದೇ ಲೆಕ್ಕ. ಹಾಗಾಗಿ ಬೋರ್ಡ್ ಬಿಚ್ಚಿ ಬೇರೆ ಕ್ಯಾಬಿನೆಟ್‌ಗೆ ಹಾಕುತ್ತೇನೆ ಅಂದರೂ ಒಂದೊಂದು ಹೆಜ್ಜೆಗೂ ಒಂದೊಂದು ಅಡಾಪ್ಟರ್ ಹುಡುಕಬೇಕು.

24 ಪಿನ್‌ನಿಂದ 6 ಪಿನ್‌ಗೆ ಬದಲಿಸುವ ವೈರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ, ನಿಜ. ಕೆಲವರು ಹಾಕಿ ಓಡಿಸುತ್ತಿದ್ದಾರೆ, ಅದೂ ನಿಜ. ಆದರೆ ನಿಮ್ಮದು ಸಣ್ಣ ಕ್ಯಾಬಿನೆಟ್. ಮಾಮೂಲಿ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ ಅದರೊಳಗೆ ಹೋಗುವುದೇ ಇಲ್ಲ. ಹೊರಗಿಟ್ಟು, ಮುಚ್ಚಳ ತೆರೆದಿಟ್ಟು, ವೈರ್ ಎಳೆದುಕೊಳ್ಳಬೇಕು. ಮನೆಯಲ್ಲಿ ಹುಡುಗರು ಬಳಸುವ ಸಿಸ್ಟಂಗೆ ಈ ಸರ್ಕಸ್ ಬೇಡ. ಅಂಗಡಿಯವರು ಸುಮ್ನೆ ಬಾಯಿಮಾತಿಗೆ ಹೇಳಿರಬಹುದು. ಯಾವ ಎಸ್‌ಎಂಪಿಎಸ್, ಎಲ್ಲಿ ಕೂರಿಸುತ್ತೀರಿ ಅಂತ ಕೇಳಿ ನೋಡಿ.

ಈಗ ಸ್ಲೋ ವಿಷಯ. ಅದು ಹಾರ್ಡ್ ಡಿಸ್ಕ್. ನಾನು ಸಿಸ್ಟಂ ನೋಡಿಲ್ಲ, ಆದರೂ ಇದನ್ನು ಧೈರ್ಯವಾಗಿ ಹೇಳುತ್ತೇನೆ. ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಅಲ್ಲಿಂದ ಇಲ್ಲಿಂದ ಓದುತ್ತದೆ. ತಿರುಗುವ ಡಿಸ್ಕಿನಲ್ಲಿ ಪ್ರತಿ ಸಲವೂ ಒಂದು ತೋಳು ಆ ಜಾಗಕ್ಕೆ ಓಡಬೇಕು. ಚಿಪ್‌ನಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ಓಡುವ ತೋಳೇ ಇಲ್ಲ. 7050ರ ಬೋರ್ಡಿನಲ್ಲಿ ಎಂ.2 ಅನ್ನುವ ಸಣ್ಣ ಸ್ಲಾಟ್ ಇದೆ, ವೈರ್ ಬೇಡದ, ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ನೇರ ಕೂರುತ್ತದೆ. 500 ಜಿಬಿಯದ್ದು ಒಂದು ತಗೊಳ್ಳಿ, ಸಾಕು. ಹೊಸ ತಲೆಮಾರಿನ ಜೆನ್ 4, ಜೆನ್ 5 ಅಂತ ಜಾಸ್ತಿ ದುಡ್ಡು ಕೊಡಬೇಡಿ. ಈ ಬೋರ್ಡ್ ಜೆನ್ 3ರ ವೇಗಕ್ಕಿಂತ ಮುಂದೆ ಹೋಗುವುದಿಲ್ಲ, ಅಂದರೆ ಸೆಕೆಂಡಿಗೆ ಸುಮಾರು 3500 ಎಂಬಿ. ಹಳೆಯ ಹಾರ್ಡ್ ಡಿಸ್ಕ್ ಫೋಟೋ, ವಿಡಿಯೋ ಇಡಲು ಹಾಗೇ ಇರಲಿ.

9020 ಥರದ ಹಳೆಯ ಮಾಡೆಲ್ ಇರುವವರು ಎನ್‌ವಿಎಂಇ ಗೊಡವೆಗೆ ಹೋಗಬೇಡಿ. ಅದರಲ್ಲಿ ಆ ಸ್ಲಾಟ್ ಇಲ್ಲ. ಅಡಾಪ್ಟರ್ ಕಾರ್ಡ್ ಮೂಲಕ ಸಿಕ್ಕಿಸಿದರೂ ಬಯೋಸ್ (ಸಿಸ್ಟಂ ಶುರುಮಾಡುವ ಬೋರ್ಡಿನ ಸಾಫ್ಟ್‌ವೇರ್) ಅದರಿಂದ ಬೂಟ್ ಮಾಡುವುದಿಲ್ಲ. ಹಾರ್ಡ್ ಡಿಸ್ಕ್ ಥರ ವೈರಿನಲ್ಲಿ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಹಾಕಿ. ಕಾಗದದ ಮೇಲೆ ವೇಗ 550 ಎಂಬಿ ಅಷ್ಟೇ, ಆದರೆ ದಿನದ ಬಳಕೆಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಅನೇಕರು ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಇನ್‌ಸ್ಟಾಲ್ ಮಾಡುವ ಜಾಗದಲ್ಲಿ ಡ್ರೈವ್ ಕಾಣುವುದೇ ಇಲ್ಲ. ಡ್ರೈವ್ ಹಾಳಾಗಿದೆ ಅಂತ ವಾಪಸ್ ಕೊಡಲು ಹೊರಡುತ್ತಾರೆ. ಡೆಲ್ ಬಯೋಸ್‌ನಲ್ಲಿ 'ಸಾಟಾ ಆಪರೇಷನ್' ಅಂತ ಒಂದು ಸೆಟ್ಟಿಂಗ್ ಇದೆ. ಕಂಪನಿಯಿಂದ ಬರುವಾಗ ಅದು 'ರೇಡ್ ಆನ್' ಆಗಿರುತ್ತದೆ. ಆನ್ ಮಾಡುವಾಗ ಎಫ್2 ಒತ್ತಿ ಒಳಗೆ ಹೋಗಿ, 'ಎಎಚ್‌ಸಿಐ' ಮಾಡಿ. ಇದನ್ನು ವಿಂಡೋಸ್ ಹಾಕುವ ಮುಂಚೆಯೇ ಮಾಡಬೇಕು. ಹಳೆಯ ವಿಂಡೋಸ್ ಓಡುತ್ತಿರುವಾಗ ಬದಲಿಸಿದರೆ ಅದು ಬೂಟ್ ಆಗದೆ ನೀಲಿ ಸ್ಕ್ರೀನ್ ತೋರಿಸುತ್ತದೆ. ಲೈಸೆನ್ಸ್ ಚಿಂತೆ ಬೇಡ. ಕಂಪನಿಯಿಂದಲೇ ವಿಂಡೋಸ್ ಜೊತೆ ಬಂದ ಸಿಸ್ಟಂ ಆಗಿದ್ದರೆ ವಿಂಡೋಸ್ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ, ಡಿಸ್ಕ್ ಬದಲಿಸಿದರೂ ತಾನೇ ಆಕ್ಟಿವೇಟ್ ಆಗುತ್ತದೆ. ಬೋರ್ಡ್ ಬದಲಿಸಿದರೆ ಮಾತ್ರ ಅದು ಹೋಯಿತು.

ಎರಡನೆಯದು ರ್‍ಯಾಮ್. 8 ಜಿಬಿ ಒಂದೇ ಸ್ಟಿಕ್ ಇದೆಯಾ, 4 ಜಿಬಿಯ ಎರಡಿವೆಯಾ ನೋಡಿ. ಒಂದೇ ಇದ್ದರೆ ಅಂಥದ್ದೇ ಇನ್ನೊಂದು ಹಾಕಿ. ಎರಡು ಸ್ಟಿಕ್ ಇದ್ದಾಗ ಪ್ರೊಸೆಸರ್ ಎರಡರ ಜೊತೆಗೂ ಒಟ್ಟಿಗೆ ಮಾತಾಡುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲವಲ್ಲ, ಹಾಗಾಗಿ ಅದಕ್ಕೂ ಲಾಭ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇವೆ. ಡಿಡಿಆರ್4, ಡೆಸ್ಕ್‌ಟಾಪ್ ಅಳತೆಯದ್ದೇ ಬೇಕು. ಅಂಗೈ ಅಗಲದ ಮೈಕ್ರೋ ಮಾಡೆಲ್ ಇದ್ದವರಿಗೆ ಮಾತ್ರ ಲ್ಯಾಪ್‌ಟಾಪ್ ರ್‍ಯಾಮ್. 3200 ಅಂತ ಬರೆದ ಸ್ಟಿಕ್ ಹಾಕಿದರೂ 7500 ಪ್ರೊಸೆಸರ್ ಅದನ್ನು 2400ರಲ್ಲೇ ಓಡಿಸುತ್ತದೆ. ತೊಂದರೆ ಏನಿಲ್ಲ, ಆದರೆ ಅದಕ್ಕಾಗಿ ಹೆಚ್ಚು ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ರ್‍ಯಾಮ್ ತಗೊಳ್ಳುವಾಗ ಒಂದು ಎಚ್ಚರ. ಸರ್ವರ್‌ನಿಂದ ಬಿಚ್ಚಿದ ಡಿಡಿಆರ್4 ಕೂಡ ರಾಶಿ ರಾಶಿ ಸಿಗುತ್ತದೆ. ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ, ಸಿಸ್ಟಂ ಮಾತ್ರ ಆನ್ ಆಗುವುದಿಲ್ಲ. ಲೇಬಲ್ ಮೇಲೆ ವೇಗದ ಅಂಕಿಯ ಪಕ್ಕ 'ಆರ್' ಇದ್ದರೆ ಸರ್ವರ್‌ದು, 'ಯು' ಇದ್ದರೆ ನಿಮ್ಮದು. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯೇ ಅದಕ್ಕೆ ದೊಡ್ಡ ಕಾರಣ. ಇಂಥ ಹೊತ್ತಿನಲ್ಲಿ ಅಗ್ಗಕ್ಕೆ ಸಿಕ್ಕ ಸ್ಟಿಕ್ಕನ್ನು ಎರಡು ಸಲ ತಿರುಗಿಸಿ ನೋಡುವುದು ಒಳ್ಳೆಯದು. 16 ಜಿಬಿ ಆದರೆ ನಿಲ್ಲಿಸಿ.

ಪ್ರೊಸೆಸರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಐ7-8700 ಹಾಕಿಸಿ ಅನ್ನಬಹುದು. ಪಿನ್‌ಗಳ ಲೆಕ್ಕ ಒಂದೇ, ಸಾಕೆಟ್‌ನಲ್ಲಿ ಕೂರುತ್ತದೆ ಕೂಡ. ಓಡುವುದಿಲ್ಲ. 8ನೇ ತಲೆಮಾರಿಗೆ ಇಂಟೆಲ್ ಬೇರೆಯೇ ಚಿಪ್‌ಸೆಟ್ (ಪ್ರೊಸೆಸರ್ ಜೊತೆ ಕೆಲಸ ಮಾಡುವ ಬೋರ್ಡಿನ ಚಿಪ್) ಬೇಕು ಅಂತ ಮಾಡಿಬಿಟ್ಟಿದೆ. ನಿಮ್ಮ ಬೋರ್ಡಿಗೆ ಗರಿಷ್ಠ ಐ7-7700. ನಾಲ್ಕು ಕೋರ್ ಹಾಗೇ ಇದ್ದು ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸ) ಎಂಟಾಗುತ್ತದೆ. ಅದರ ಬೆಲೆಗೆ ಅದು ಲಾಯಕ್ಕಲ್ಲ.

ಸರಿ, ಕಾರ್ಡ್. ನಿಮ್ಮ ಎಸ್‌ಎಂಪಿಎಸ್ 180 ವ್ಯಾಟ್‌ನದು. ಪ್ರೊಸೆಸರ್ 65 ವ್ಯಾಟ್. ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 25-30 ಅಂದುಕೊಳ್ಳಿ. ಕಾರ್ಡಿಗೆ ಪ್ರತ್ಯೇಕ ಪವರ್ ವೈರ್ ಇಲ್ಲ, ಬೋರ್ಡಿನ ಸ್ಲಾಟ್ ಕೊಟ್ಟಷ್ಟೇ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಸಾಟಾ ವೈರನ್ನು ಕಾರ್ಡಿನ 6 ಪಿನ್‌ಗೆ ಬದಲಿಸುವ ಕನ್ವರ್ಟರ್ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಆ ವೈರ್ ಅಷ್ಟು ಕರೆಂಟ್‌ಗೆ ಮಾಡಿದ್ದಲ್ಲ, ಕರಗುತ್ತದೆ. ಹಾಗಾಗಿ ಮೂರು ಶರತ್ತು: 75 ವ್ಯಾಟ್ ಒಳಗೆ ಇರಬೇಕು, ಮೇಲೆ ಪವರ್ ಕನೆಕ್ಟರ್ ಇರಬಾರದು, ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಆಗಿರಬೇಕು, ಜೊತೆಗೆ ಸಣ್ಣ ಬ್ರ್ಯಾಕೆಟ್ ಇರಬೇಕು. ಬ್ರ್ಯಾಕೆಟ್ ಇಲ್ಲದೆ ಮಾರುವ ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳು ಬಹಳ.

ಇಷ್ಟಕ್ಕೆ ಹೊಂದುವವು ಕೈಬೆರಳಲ್ಲಿ ಎಣಿಸುವಷ್ಟು. ನನ್ನ ಮೊದಲ ಆಯ್ಕೆ ಜಿಟಿಎಕ್ಸ್ 1650ರ ಲೋ ಪ್ರೊಫೈಲ್ ಮಾಡೆಲ್, 4 ಜಿಬಿಯದ್ದು, 75 ವ್ಯಾಟ್. 180ರಲ್ಲಿ ಲೆಕ್ಕ ಬಿಗಿಯಾಗುತ್ತದೆ, ಆದರೆ ದಾಟುವುದಿಲ್ಲ. ಇದೇ ಹೆಸರಿನ ಕೆಲವು ಕಾರ್ಡ್‌ಗಳಿಗೆ 6 ಪಿನ್ ಕನೆಕ್ಟರ್ ಇರುತ್ತದೆ, ಅವು ಆಗುವುದಿಲ್ಲ. ಹೊಸದೇ ಬೇಕು ಅನ್ನುವವರಿಗೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ಇದೆ. 70 ವ್ಯಾಟ್, ಲೋ ಪ್ರೊಫೈಲ್‌ನಲ್ಲೂ ಬಂದಿದೆ. ವೇಗ ಚೆನ್ನಾಗಿದೆ, ಆದರೆ ಕಾರ್ಡಿನ ಬೆಲೆ ಸಿಸ್ಟಂನ ಬೆಲೆಯನ್ನೇ ದಾಟಬಹುದು. ಎರಡೂ ಸಾಮಾನ್ಯವಾಗಿ ಎರಡು ಸ್ಲಾಟ್ ಅಗಲ ಇರುತ್ತವೆ, ತಗೊಳ್ಳುವ ಮುಂಚೆ ಸ್ಕೇಲ್ ಹಿಡಿದು ಒಳಗಿನ ಜಾಗ ಅಳೆಯಿರಿ.

ಎಎಂಡಿ ಆರ್‌ಎಕ್ಸ್ 6400 ಒಂದೇ ಸ್ಲಾಟ್ ಅಗಲದಲ್ಲಿ ಸಿಗುತ್ತದೆ, 53 ವ್ಯಾಟ್ ಅಷ್ಟೇ. ಗೇಮ್‌ಗೆ ಪರವಾಗಿಲ್ಲ. ಆದರೆ ಅದು ಬೋರ್ಡಿನ ಜೊತೆ ಮಾತಾಡಲು ನಾಲ್ಕು ಲೇನ್ (ದಾರಿ) ಮಾತ್ರ ಬಳಸುತ್ತದೆ. ನಿಮ್ಮದರಂತೆ ಹಳೆಯ ಪಿಸಿಐಇ 3.0 ಸ್ಲಾಟ್ ಇರುವ ಬೋರ್ಡಿನಲ್ಲಿ ಸ್ವಲ್ಪ ವೇಗ ಕಳೆದುಕೊಳ್ಳುತ್ತದೆ. ಜೊತೆಗೆ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಎಡಿಟ್ ಆದದ್ದನ್ನು ಬೇಗ ಫೈಲ್ ಮಾಡಿಕೊಡುವ ಭಾಗವನ್ನೇ ಅದರಿಂದ ತೆಗೆದುಹಾಕಿದ್ದಾರೆ. ಮಗ ಎಡಿಟಿಂಗ್ ಮಾಡುತ್ತಾನೆ ಅಂದಿರಲ್ಲ, ಅದಕ್ಕೇ ನಾನು 1650 ಅಂದೆ.

ಜಿಟಿಎಕ್ಸ್ 1050 ಟಿಐ ಈಗಲೂ ಎಲ್ಲ ಕಡೆ ಸಿಗುತ್ತದೆ. ಒಳ್ಳೆಯ ಕಾರ್ಡೇ. ಆದರೆ 2025ರ ಅಕ್ಟೋಬರ್ ನಂತರ ಈ ತಲೆಮಾರಿಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುತ್ತಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ನಕಲಿಗಳೂ ಇವೆ: ಇನ್ನೂ ಹಳೆಯ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಅಂತ ಹೆಸರು ತೋರಿಸುವಂತೆ ಮಾಡಿರುತ್ತಾರೆ. ಅಂಗಡಿಯಲ್ಲೇ ಜಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಓಡಿಸಿ ನೋಡಿ, ಇಂಥವನ್ನು ಅದು ಹಿಡಿಯುತ್ತದೆ. ಇನ್ನು '2 ಜಿಬಿ ಗ್ರಾಫಿಕ್ಸ್ ಕಾರ್ಡ್' ಅಂತ ಜಿಟಿ 710 ಕೊಡಲು ಬಂದರೆ ನಮಸ್ಕಾರ ಹೇಳಿ ಬನ್ನಿ. ನಿಮ್ಮ ಪ್ರೊಸೆಸರ್ ಒಳಗಿರುವ ಎಚ್‌ಡಿ 630ಗಿಂತ ಅದೇನೂ ಹೆಚ್ಚಲ್ಲ.

ದುಡ್ಡು ಹಾಕುವ ಮುಂಚೆ ಇನ್ನೊಂದು ವಿಷಯ ಗೊತ್ತಿರಲಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು 8ನೇ ತಲೆಮಾರು ಮತ್ತು ಮೇಲಿನದ್ದು. ನಿಮ್ಮದು 7ನೆಯದು, ಒಂದೇ ಮೆಟ್ಟಿಲು ಕಮ್ಮಿ. ಅಡ್ಡದಾರಿಯಲ್ಲಿ ಹಾಕಬಹುದು, ಬಹಳ ಜನ ಹಾಕಿಕೊಂಡಿದ್ದಾರೆ, ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಅದಕ್ಕೇ ಎಸ್‌ಎಸ್‌ಡಿ ಮತ್ತು ಕಾರ್ಡಿಗೆ ಹಾಕಿದ ದುಡ್ಡು ನನಗೆ ಸರಿ ಅನ್ನಿಸುತ್ತದೆ, ಅವನ್ನು ನಾಳೆ ಬಿಚ್ಚಿ ಬೇರೆ ಸಿಸ್ಟಂಗೆ ಹಾಕಬಹುದು. ಇನ್ನೂ ಸಿಸ್ಟಂ ತಗೊಳ್ಳದವರು ಸ್ವಲ್ಪ ಹೆಚ್ಚು ಕೊಟ್ಟಾದರೂ 7060 ನೋಡಿ. ಆರು ಕೋರಿನ ಐ5-8500 ಜೊತೆ ಸಿಗುತ್ತದೆ, ವಿಂಡೋಸ್ 11ಕ್ಕೂ ಅರ್ಹ. ಸಾಧ್ಯವಾದರೆ ಸಣ್ಣದರ ಬದಲು ಟವರ್ ಕ್ಯಾಬಿನೆಟ್ ತಗೊಳ್ಳಿ, ಪೂರ್ತಿ ಎತ್ತರದ ಕಾರ್ಡ್ ಕೂರುತ್ತದೆ.

ಕೆಲಸ ನೀವೇ ಮಾಡಬಹುದು. ಈ ಡೆಲ್ ಕ್ಯಾಬಿನೆಟ್‌ಗಳನ್ನು ಬಿಚ್ಚುವುದು ಅಸೆಂಬಲ್ಡ್‌ಗಿಂತ ಸುಲಭ. ಹಿಂದಿರುವ ಸರ್ವಿಸ್ ಟ್ಯಾಗ್ ನಂಬರನ್ನು ಡೆಲ್ ಸೈಟ್‌ನಲ್ಲಿ ಹಾಕಿದರೆ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಉಚಿತವಾಗಿ ಸಿಗುತ್ತದೆ. ಪ್ಲಗ್ ತೆಗೆದು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಬಳ್ಳಾರಿ, ಕಲಬುರಗಿ ಕಡೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್ ಜಾಸ್ತಿ, ಅಲ್ಲಿ ಇದನ್ನು ಮರೆಯಬೇಡಿ. ಬಿಚ್ಚಿದ ಮೇಲೆ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬೋರ್ಡಿನ ಗುಂಡಿ ಸೆಲ್, ಸಿಆರ್2032, ಅದನ್ನೂ ಬದಲಿಸಿಬಿಡಿ.

ಕಾರ್ಡ್ ಹಾಕಿ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗಿದ್ದರೆ ಮೊದಲು ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಹತ್ತರಲ್ಲಿ ಎಂಟು ಸಲ ಅದು ಬೋರ್ಡಿನ ಪೋರ್ಟ್‌ನಲ್ಲೇ ಉಳಿದಿರುತ್ತದೆ, ಕಾರ್ಡಿನ ಪೋರ್ಟ್‌ಗೆ ಹಾಕಬೇಕು. ಹಳೆಯ ವಿಜಿಎ ಮಾನಿಟರ್ ಇದ್ದರೆ ಈ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ, ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು. ಯುಪಿಎಸ್ ಹೊಸದು ಬೇಡ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಕೊಡುತ್ತದೆ. ಈ ಸಿಸ್ಟಂ ಮತ್ತು ಮಾನಿಟರ್‌ಗೆ ಅದು ಧಾರಾಳ. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಸಿಕ್ಕಿಸಬೇಡಿ.